ಉಪ್ಪು ಹೆಚ್ಚಿದ ಸೀರೆ

ನಮ್ಮ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಇಳಿಸಲು ಒಂದು ಮಸಿಬಟ್ಟೆಯಿದೆ. ಇಂಥದೊಂದು ಬಟ್ಟೆ ಯಾರ ಮನೆಯಲ್ಲಿಲ್ಲ? ಅದರ ವಿಷಯ ಬರೆಯಲು ಕೂತವನಿಗೆ ಬೇರೆ ಕೆಲಸವಿಲ್ಲವೆಂದು ನೀವು ಅಂದುಕೊಂಡರೆ ಅದು ನಿಜಕ್ಕೆ ಬಹಳ ಹತ್ತಿರದ ಮಾತು. ಕಾಲೇಜಿಗೆ ಬೇಸಿಗೆ ರಜೆ. ಆದರೆ ಈ ಬಟ್ಟೆಗೆ ಒಂದು ವಿಶೇಷವಿದೆ. ಅದರ ಬಣ್ಣ ಯಾವುದೆಂದು ಹೇಳಲು ಮನೆಯಲ್ಲಿ ಯಾರಿಂದಲೂ ಆಗುವುದಿಲ್ಲ. ಬೆಳಗಿನ ಬಿಸಿಲಿನಲ್ಲಿ ಅದು ಬೂದಿಯಂತೆ ಕಾಣುತ್ತದೆ, ಒಲೆಯ ಬೆಳಕಿನಲ್ಲಿ ಒಣಗಿದ ಎಲೆಯಂತೆ. ಒದ್ದೆಯಾದಾಗ ಮಾತ್ರ, ಇದ್ದಕ್ಕಿದ್ದಂತೆ ಏನನ್ನೋ ಜ್ಞಾಪಿಸಿಕೊಂಡವರ ಮುಖದಂತೆ, ಒಂದು ಕ್ಷಣ ಕಳೆಗಟ್ಟಿ ಮತ್ತೆ ಮಂಕಾಗುತ್ತದೆ.

ಮೊನ್ನೆ ನನ್ನ ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದು ಯಾವ ಬಣ್ಣ, ಹೇಳಿ ನೋಡೋಣ” ಎಂದಳು. ತರ್ಕಶಾಸ್ತ್ರದ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು, ಉತ್ತರ ಗೊತ್ತಿಲ್ಲದಾಗ ಪ್ರಶ್ನೆಯನ್ನೇ ಬಿಡಿಸಿ ಹರಡಿಕೊಳ್ಳುವ ನಮ್ಮ ಕಸುಬಿನವರ ಚಾಳಿಯಂತೆ, ಬಣ್ಣವೆಂದರೆ ಈಗಿನದೋ ಮೂಲದ್ದೋ, ಕಂಡದ್ದೋ ಇದ್ದದ್ದೋ ಎಂದು ಶುರುಮಾಡಿದೆ. ಅಷ್ಟರಲ್ಲಿ ಹಾಲು ಉಕ್ಕಿತು. ಈ ಪ್ರಬಂಧಕ್ಕೆ ಮೊದಲ ಆಹುತಿ ಅರ್ಧ ಸೇರು ಹಾಲು.

ಆ ಬಟ್ಟೆ ನನ್ನ ತಂಗಿ ವಿಮಲಾಳ ಸೀರೆಯೊಂದರ ಕೊನೆಯ ತುಂಡು. ವಿಮಲಾಳನ್ನು ಕೇಳಿದರೆ ಅದು ಹಸಿರು ಸೀರೆ. ಗಿಣಿಹಸಿರಲ್ಲ, ಎಲೆಹಸಿರಲ್ಲ, ಪಾಚಿಹಸಿರು ಎನ್ನುವಷ್ಟು ಖಚಿತ. ನಮ್ಮ ದೊಡ್ಡಮ್ಮನ ಮಗಳು ಸರೋಜಕ್ಕನನ್ನು ಕೇಳಿದರೆ ನೀಲಿ, ಅದರಲ್ಲಿ ಎರಡು ಮಾತಿಲ್ಲ. ನನಗಾದರೋ ಅದು ದೀಪ ಹಚ್ಚುವ ಹೊತ್ತಿನ ಯಡಿಯೂರು ಕೆರೆಯ ಬಣ್ಣ. ಎಂದರೆ ಹೇಳಿಯೂ ಹೇಳದಂಥ ಬಣ್ಣ. ನಮ್ಮ ನೈಯಾಯಿಕರು ಸ್ಮೃತಿಯನ್ನು ಪ್ರಮಾಣಗಳ ಪಂಕ್ತಿಯಲ್ಲಿ ಕೂರಿಸಲಿಲ್ಲ. ಪ್ರತ್ಯಕ್ಷಕ್ಕೆ ಎಲೆ ಹಾಕಿದರು, ಅನುಮಾನಕ್ಕೆ ಹಾಕಿದರು, ನೆನಪನ್ನು ಮಾತ್ರ ಜಗಲಿಯಲ್ಲೇ ನಿಲ್ಲಿಸಿದರು. ಇದನ್ನು ವರ್ಷವರ್ಷವೂ ಹುಡುಗರಿಗೆ ಒಪ್ಪಿಸುವ ನಾನು ಮನೆಗೆ ಬಂದೊಡನೆ ಜಗಲಿಯ ಮೇಲೆ ಆ ಅತಿಥಿಯ ಪಕ್ಕದಲ್ಲೇ ಹೋಗಿ ಕೂರುತ್ತೇನೆ. ಅದು ಹೇಳಿದ್ದನ್ನೆಲ್ಲ ನಂಬುವುದಿಲ್ಲ. ಆದರೆ ಅದು ಹೇಳುವುದನ್ನು ನಿಲ್ಲಿಸಿದರೆ ನನಗೆ ಹೊತ್ತು ಹೋಗುವುದಿಲ್ಲ.

ಹತ್ತು ಹನ್ನೊಂದು ವರ್ಷದ ಹಿಂದಿನ ಮಾತಿರಬೇಕು. ಆಗ ನಾವು ಜಯನಗರಕ್ಕೆ ಬಾಡಿಗೆಗೆ ಬಂದಿದ್ದೆವು. ಬಡಾವಣೆ ಎಂಬ ಹೆಸರಿತ್ತೇ ಹೊರತು ಅಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಹಿತ್ತಿಲ ಬಾಗಿಲಲ್ಲಿ ನಿಂತರೆ ಮುಂದೆ ಬರಲಿರುವ ಮನೆಗಳ ಜಾಗದಲ್ಲಿ ಮೊಣಕಾಲೆತ್ತರದ ಹುಲ್ಲು, ಅದರಾಚೆ ರಾಗಿಯ ಹೊಲ, ಅದರಾಚೆ ಕೆರೆಯ ಒಂದು ಪಟ್ಟಿ ನೀರು. ಸಂಜೆಯಾದರೆ ನೀರಿಗೂ ಆಕಾಶಕ್ಕೂ ನಡುವಿನ ಗೆರೆ ಅಳಿಸಿಹೋಗಿ, ನಮ್ಮ ಮನೆ ಯಾವುದೋ ದಡದಲ್ಲಿ ಕಟ್ಟಿಹಾಕಿದ ದೋಣಿಯಂತೆ ನನಗೆ ಭಾಸವಾಗುತ್ತಿತ್ತು. ಮೈಸೂರಿನ ಹಾಸ್ಟೆಲಿನಲ್ಲಿದ್ದು ಎಂ.ಎ. ಮುಗಿಸಿ ಬಂದು, ಕೆಲಸ ಸಿಗದೆ ಅಡ್ಡಾಡುತ್ತಿದ್ದವನಿಗೆ ಹೀಗೆಲ್ಲ ಭಾಸವಾಗುವುದಕ್ಕೆ ಬೇಕಾದಷ್ಟು ಬಿಡುವಿತ್ತು.

ಕೆಲಸ ಸಿಕ್ಕಿದ್ದು ವಿಮಲಾಳಿಗೆ. ಬಸವನಗುಡಿಯ ಕಡೆ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಸೋಮವಾರ ಸೇರಬೇಕು. ಅಪ್ಪನಿಗೆ ಆಗಷ್ಟೇ ಪೆನ್ಷನ್ ಆಗಿದ್ದರಿಂದ ಆ ಕೆಲಸ ಮನೆಗೆ ಬೇಕಾಗಿತ್ತು; ಅವಳಿಗಂತೂ ಮನೆಗಿಂತ ಹೆಚ್ಚಾಗಿ ಬೇಕಾಗಿತ್ತು. ಬಿ.ಎ. ಪಾಸಾದ ದಿನದಿಂದ ಹಿತ್ತಿಲ ಗೋಡೆಗೆ ಪಾಠ ಹೇಳುತ್ತಿದ್ದಳೆಂದು ಅಜ್ಜಿ ಹಾಸ್ಯಮಾಡುತ್ತಿದ್ದರು. ಅಡ್ಡಬಂದದ್ದು ಸೀರೆ. ಹೊರಗೆ ಉಡುವಂಥ ಸೀರೆ ಅವಳ ಬಳಿ ಇದ್ದುದು ಒಂದೇ. ದೊಡ್ಡಮ್ಮನ ಮನೆಯಿಂದ ಬಂದದ್ದು, ಸರೋಜಕ್ಕ ಉಟ್ಟು ಬಿಟ್ಟದ್ದು. ತಿಳಿಗುಲಾಬಿ ಒಡಲು, ಕಾಫಿಪುಡಿ ಬಣ್ಣದ ಅಂಚು. ಸೆರಗಿನ ಹತ್ತಿರ ಎಲ್ಲೋ ಮೊಳೆಗೆ ಸಿಕ್ಕಿ ಹರಿದಿದ್ದನ್ನು ಸರೋಜಕ್ಕನೇ ಇರುವೆಸಾಲಿನಂಥ ಹೊಲಿಗೆ ಹಾಕಿ ಮುಚ್ಚಿದ್ದಳು. ಅಕ್ಕಂದಿರ ಸೀರೆ ತಂಗಿಯರಿಗೆ ಬರುವುದು ಯಾವ ಮನೆಯಲ್ಲೂ ಹೊಸದಲ್ಲ. ಆದರೆ ಆ ಶಾಲೆಯಲ್ಲಿ ಸರೋಜಕ್ಕ ಆಗಲೇ ಉಪಾಧ್ಯಾಯಿನಿಯಾಗಿದ್ದಳು. ಆ ಗುಲಾಬಿ ಸೀರೆಯನ್ನು ಅಲ್ಲಿನ ಹಾಜರಿ ಪುಸ್ತಕವೂ ಗುರುತಿಸುವಂತಿತ್ತು.

“ಅವಳ ಸೀರೆ ಉಟ್ಕೊಂಡು ಅವಳೆದುರಿಗೇ ಹೋಗಿ ನಿಂತ್ಕೊಳ್ಳಲ್ಲ ನಾನು,” ಎಂದಳು ವಿಮಲಾ. “ಬೇಕಾದ್ರೆ ಕೆಲಸಾನೇ ಬೇಡ.”

“ಸಂಬಳ ಬಂದ್ಮೇಲೆ ಹೊಸದು ತಗೊಂಡ್ರಾಯ್ತು ಕಣೇ. ಅಲ್ಲೀವರೆಗೆ ಯಾರು ನೋಡ್ತಾರೆ?” ಎಂದರು ಅಜ್ಜಿ.

“ಅವಳು ನೋಡ್ತಾಳಲ್ಲ ಅಜ್ಜಿ, ಅಷ್ಟು ಸಾಲ್ದಾ? ಏನೂ ಅನ್ನಲ್ಲ ಅವಳು. ಅದೇ ನಂಗೆ ಬೇಡ. ಅವಳು ಏನೂ ಅನ್ನದೆ ಇರೋದು.”

ಈ ಕೊನೆಯ ಮಾತನ್ನು ಅವಳು ಆಡಿದಳೋ, ಅಥವಾ ಅವಳ ಮುಖದ ಮೇಲಿದ್ದುದನ್ನು ನಾನು ಈಗ ಮಾತಾಗಿಸುತ್ತಿದ್ದೇನೋ ಗೊತ್ತಿಲ್ಲ. ವಿಮಲಾಳನ್ನು ಕೇಳಿದರೆ, “ನಾನು ಹಾಗೆಲ್ಲ ಮಾತಾಡ್ತೀನೇನೋ?” ಎನ್ನುತ್ತಾಳೆ. ಅಂತೂ ಅವಳು ಊಟಕ್ಕೆ ಏಳಲಿಲ್ಲ ಎಂಬುದಕ್ಕೆ ಅಜ್ಜಿಯ ಸಾಕ್ಷಿಯಿತ್ತು. ಹೇಗೂ ಹೋಗದೆ ಇರುವ ಕೆಲಸಕ್ಕೆ ಯಾಕೆ ಉಣ್ಣಬೇಕು ಎಂಬ ಅವಳ ವಾದದಲ್ಲಿ ಹೇತ್ವಾಭಾಸ, ಎಂದರೆ ಹುಸಿ ಕಾರಣ, ಇದೆಯೆಂದು ನಾನು ತೋರಿಸಿಕೊಡಲು ಹೋಗಿ ಬೈಸಿಕೊಂಡೆ.

ಬಣ್ಣ ಹಾಕುವ ಉಪಾಯ ನನ್ನದು. ಅಥವಾ ಅವಳದು. ಚಿಕ್ಕಪೇಟೆಯಿಂದ ಪೊಟ್ಟಣ ತಂದವನಂತೂ ನಾನೇ, ಯಾಕೆಂದರೆ ಬಸ್ಸಿನಲ್ಲಿ ಅದು ಸ್ವಲ್ಪ ಸೋರಿ ನನ್ನ ಜೇಬಿನ ಅಂಚು ಬಹಳ ಕಾಲ ನೀಲಿಯಾಗಿತ್ತು. ನೇವಿ ಬ್ಲೂ ಎಂದು ಮೇಲೆ ಬರೆದಿತ್ತು; ಹಿಂದೆ ಇರುವೆಗಾತ್ರದ ಇಂಗ್ಲಿಷಿನಲ್ಲಿ ವಿಧಿವಿಧಾನ. ಗುಲಾಬಿಯ ಮೇಲೆ ಕಡುನೀಲಿ ಬಿದ್ದರೆ ಸೀರೆಯ ಪೂರ್ವಾಶ್ರಮ ಮುಳುಗಿಹೋಗುತ್ತದೆ, ಅಂಚು ಹೇಗೂ ಕಪ್ಪಗಿರುವುದರಿಂದ ಅದೂ ಗುರುತು ಕೊಡುವುದಿಲ್ಲ ಎಂಬುದು ನಮ್ಮ ಲೆಕ್ಕಾಚಾರ. ನಮ್ಮ ಭಾಷೆಗೆ ಬಣ್ಣದ ಮೇಲೆ ಮೊದಲಿನಿಂದಲೂ ಅಷ್ಟು ವಿಶ್ವಾಸವಿಲ್ಲ, ನೋಡಿ. ಸುಳ್ಳು ಹೇಳುವವನು ಬಣ್ಣ ಕಟ್ಟುತ್ತಾನೆ. ಸಿಕ್ಕಿಬಿದ್ದರೆ ಅವನ ಬಣ್ಣ ಬಯಲಾಗುತ್ತದೆ. ವಿಮಲಾ ಹೆದರುತ್ತಿದ್ದುದು ಈ ಎರಡನೆಯದಕ್ಕೆ. ಅವಳಿಗೆ ಬೇಕಾಗಿದ್ದುದು ನೀಲಿಯಲ್ಲ, ಅಪರಿಚಯ.

ಶನಿವಾರ ಮಧ್ಯಾಹ್ನ ಹಿತ್ತಿಲಲ್ಲಿ ಮೂರು ಇಟ್ಟಿಗೆ ಇಟ್ಟು, ಸೀಮೆಎಣ್ಣೆಯ ಹಳೆಯ ಡಬ್ಬದಲ್ಲಿ ನೀರು ಕಾಯಿಸಲು ಕೂತೆವು. ಸ್ನಾನದ ಹಂಡೆ ಕೊಡಲು ಅಜ್ಜಿ ಸುತರಾಂ ಒಪ್ಪಲಿಲ್ಲ. “ನಾಳೆ ಬೆಳಿಗ್ಗೆ ನಾನು ಕೃಷ್ಣನ ಹಾಗೆ ಎದ್ದು ಬರಬೇಕೇನೋ?” ಎಂದರು. ಸೌದೆ ಹಸಿ. ಉರಿಗಿಂತ ಹೊಗೆ ಹೆಚ್ಚು. ವಿಮಲಾ ಕಣ್ಣೀರಿಡುತ್ತ ಊದುಗೊಳವೆಯಲ್ಲಿ ಊದುವಳು. ನಾನು ವಿಶ್ವವಿದ್ಯಾನಿಲಯದ ಪದವೀಧರನೆಂಬ ಕಾರಣಕ್ಕೆ ಪೊಟ್ಟಣ ಓದಿ ಹೇಳುವ ಪೌರೋಹಿತ್ಯ ವಹಿಸಿದ್ದೆ. ನೀರು ಕಾದು, ಪುಡಿ ಕರಗಿ, ಸೀರೆ ಮುಳುಗಿ, ಕೋಲಿನಲ್ಲಿ ತಿರುವುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕೆರೆಯ ಕಡೆಯಿಂದ ಕೊಕ್ಕರೆಗಳು ಯಾರಿಗೂ ಹೇಳದೆ ಎದ್ದುಹೋಗುತ್ತಿದ್ದವು. ಒಳಗೆ ಅಜ್ಜಿ ದೇವರ ಮುಂದೆ ದೀಪ ಹಚ್ಚಿದ್ದು ಕಿಟಕಿಯಲ್ಲಿ ಕಂಡಿತು. ಆಗ ನಾನು ವಿಧಿಯ ಮುಂದಿನ ಸಾಲಿಗೆ ಬಂದೆ.

“ಅಜ್ಜೀ, ಉಪ್ಪು ಬೇಕು! ಒಂದು ಬಟ್ಟಲು!”

ಒಳಗಿನಿಂದ ಉತ್ತರ ಬಂತು. “ಉಪ್ಪು ಹೆಚ್ಚಿದೆಯಲ್ಲೋ ನಾಣೀ!”

“ನಾನಿನ್ನೂ ಹಾಕೇ ಇಲ್ವಲ್ಲ!”

“ಹಾಕೋದೆಲ್ಲಿಂದ ಬಂತು? ಹೆಚ್ಚಿದೆ ಅಂತಿಲ್ವೇ!”

ನಾನು ವಿಮಲಾಳ ಕಡೆ ತಿರುಗಿ, “ನೀನು ಹಾಕಿದ್ಯಾ?” ಎಂದೆ. ಸೌದೆಯ ವಿಷಯ ಕೇಳುತ್ತಿದ್ದೇನೆಂದು ತಿಳಿದು ಅವಳು ಹೊಗೆಯೊಳಗಿನಿಂದ “ಹೂಂ, ಆಗ್ಲೇ” ಎಂದಳು. ಇನ್ನೇನು ಬೇಕು? ಎರಡು ಸ್ವತಂತ್ರ ಸಾಕ್ಷ್ಯಗಳು. ಉಪ್ಪು ಬಿದ್ದಿದೆ, ಅದೂ ಹೆಚ್ಚಾಗಿ ಬಿದ್ದಿದೆ ಎಂದು ನಿರ್ಣಯಿಸಿ, ಸಾರಿಗೆ ಉಪ್ಪು ಹೆಚ್ಚಾದರೆ ಯಾರಾದರೂ ಮಾಡುವಂತೆ ಎರಡು ಚೆಂಬು ನೀರು ಸುರಿದೆ. ಕಡುನೀಲಿ ಅಲ್ಲಿಯೇ ಅರ್ಧ ತೀರಿಕೊಂಡಿತು. ಆಮೇಲೆ ಏಕೋ ಅನುಮಾನ ಬಂತು. ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ನಿಶ್ಚಯಕ್ಕೆ ದಾರಿ. ನಮ್ಮ ಮನೆಯ ಕನ್ನಡದಲ್ಲಿ ಅನುಮಾನವೆಂದರೆ ಸಂಶಯ. ಓದಿದ್ದು ಮೊದಲನೆಯದನ್ನು, ಬಾಳಿದ್ದು ಎರಡನೆಯದರಲ್ಲಿ. ಪ್ರತ್ಯಕ್ಷವೇ ಮೇಲೆಂದು ಕೋಲಿನ ತುದಿಯನ್ನು ಆರಿಸಿ ನಾಲಗೆಗೆ ಮುಟ್ಟಿಸಿಕೊಂಡೆ. ಉಪ್ಪಿನ ಸುಳಿವಿರಲಿಲ್ಲ.

ಅಷ್ಟರಲ್ಲಿ ಹಿತ್ತಿಲ ಬಾಗಿಲಿಗೆ ಬಂದ ಅಜ್ಜಿ ನನ್ನ ನೀಲಿ ನಾಲಗೆ ನೋಡಿ, “ಅಯ್ಯೋ, ಏನ್ ಕುಡಿದ್ಯೋ!” ಎಂದು ಕೂಗಿದರು. ಅಪ್ಪ ಪತ್ರಿಕೆ ಹಿಡಿದೇ ಓಡಿಬಂದರು. ಗದ್ದಲ ತಣ್ಣಗಾದ ಮೇಲೆ ಗುಟ್ಟು ಬಿಚ್ಚಿತು.

ಗುಟ್ಟು ಇಷ್ಟೆ. ಅಜ್ಜಿಯ ಬಾಯಲ್ಲಿ ‘ಇಲ್ಲ’ ಎಂಬ ಮಾತು ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಿದೆ’. ಬಳೆ ಒಡೆದರೆ ‘ಬಳೆ ಹೆಚ್ಚಿತು’. ಕುಂಕುಮದ ಭರಣಿ ಬರಿದಾದರೆ ‘ಕುಂಕುಮ ಹೆಚ್ಚಿದೆ, ತಾ’. ಹೋಗುವವರು ‘ಬರ್ತೀನಿ’ ಎಂದು ಹೇಳಿ ಹೋಗುವ ನಾಡಿನಲ್ಲಿ ಇದೇನೂ ಸೋಜಿಗವಲ್ಲ, ನಾನೂ ಹುಟ್ಟಿದಾಗಿನಿಂದ ಕೇಳಿದ್ದೇ. ಆದರೆ ಹಾಸ್ಟೆಲಿನ ವಾಸದಲ್ಲಿ, ಇಲ್ಲದ್ದಕ್ಕೆ ಇಲ್ಲ ಎನ್ನುವ ದುರಭ್ಯಾಸ ಅಂಟಿತ್ತು. ಅಭಾವವೂ ಒಂದು ಪದಾರ್ಥ ಎಂದು ಶಾಸ್ತ್ರದಲ್ಲಿ ಓದಿ ತಲೆದೂಗಿದ್ದವನಿಗೆ, ಆ ಪದಾರ್ಥ ನಮ್ಮ ಉಪ್ಪಿನ ಮರಿಗೆಯಲ್ಲೇ ತುಂಬಿಕೊಂಡಿದೆಯೆಂದು ಹೊಳೆಯಲಿಲ್ಲ. ಅಮ್ಮ ಬೇರೆ ಮದುವೆಯಾದ ನಮ್ಮಕ್ಕನ ಬಾಣಂತನಕ್ಕೆಂದು ಹಾಸನಕ್ಕೆ ಹೋಗಿದ್ದಳು. ಯಾವ ಡಬ್ಬದಲ್ಲಿ ಏನು ‘ಹೆಚ್ಚಿದೆ’ ಎಂಬುದರ ಕಡೆ ಯಾರ ಲಕ್ಷ್ಯವೂ ಇರಲಿಲ್ಲ.

ದೀಪ ಹಚ್ಚಿದ ಮೇಲೆ ಉಪ್ಪು ಬೇಡುವಂತಿಲ್ಲ, ಕೊಡುವಂತಿಲ್ಲ. ನಾಲ್ಕು ಸೈಟಿನಾಚೆಯ ಮನೆಯಾಕೆ ಕೇಳಿದರೆ ಕೊರಳ ಸರವನ್ನಾದರೂ ಬಿಚ್ಚಿಕೊಟ್ಟಾರು, ಆ ಹೊತ್ತಿನಲ್ಲಿ ಒಂದು ಹರಳು ಉಪ್ಪು ಕೊಡುವವರಲ್ಲ. ಯಡಿಯೂರಿನ ಅಂಗಡಿಯಿಂದ ತರುತ್ತೇನೆಂದರೆ ಅಜ್ಜಿ ಒಳಗೆ ಬಿಡುವವರಲ್ಲ. ಡಬ್ಬದಲ್ಲಿ ಸೀರೆ ಕುದಿಯುತ್ತಿದೆ. ವಿಮಲಾ ಊದುಗೊಳವೆ ಕೆಳಗಿಟ್ಟು, “ಬಿಡಿ ಅಜ್ಜಿ, ನನ್ನ ಹಣೇಲಿ ಗುಲಾಬೀನೇ ಬರ್ದಿದೆ” ಎಂದಳು. ನಗುತ್ತ ಹೇಳಲು ಹೊರಟದ್ದು ನಡುವೆ ಎಲ್ಲೋ ದಾರಿ ತಪ್ಪಿತು. ಅವಳ ಗಲ್ಲದ ಮೇಲಿನ ನೀರು ಈಗ ಹೊಗೆಯದಲ್ಲವೆಂದು ಅಜ್ಜಿಗೂ ಗೊತ್ತಾಯಿತು.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಒಳಗೆ ಹೋಗಿ, ಯಾರೂ ಮುಟ್ಟಬಾರದ ನೆಲ್ಲಿಕಾಯಿಯ ಜಾಡಿಯನ್ನು ತಾವೇ ಸೊಂಟದ ಮೇಲಿಟ್ಟುಕೊಂಡು ಬಂದರು. ಉಪ್ಪುನೀರಿನಲ್ಲಿ ಊರಿಸಿದ ನೆಲ್ಲಿಕಾಯಿ, ಆಷಾಢದವರೆಗೂ ಬರಬೇಕಾದದ್ದು.

“ಉಪ್ಪೇ ತಾನೆ ನಿಮ್ಮ ಪೊಟ್ಟಣ ಕೇಳೋದು? ಇದರಲ್ಲಿ ಇರೋದೂ ಉಪ್ಪೇ,” ಎಂದು ನೆಲ್ಲಿಕಾಯಿಗಳನ್ನು ಬಟ್ಟಲಿಗೆ ತೆಗೆದಿಟ್ಟು, ಅಷ್ಟೂ ನೀರನ್ನು ಡಬ್ಬಕ್ಕೆ ಸುರಿದರು. “ಹೋಗಿ ಪಾಠ ಹೇಳೇ. ನೆಲ್ಲಿಕಾಯಿ ಮುಂದಿನ ವರ್ಷಾನೂ ಬಿಡತ್ತೆ.”

ಎಂ.ಎ. ಆದ ನನಗೂ ಆ ವಾದದಲ್ಲಿ ಯಾವ ಲೋಪವೂ ಕಾಣಲಿಲ್ಲ. ಊರಿಸುವಾಗ ಅಜ್ಜಿಯೇ ಕೈತುಂಬ ಹಾಕಿದ್ದ ಅರಿಶಿನವನ್ನು ಅಜ್ಜಿಯೂ ಮರೆತಿದ್ದರು, ನಾವೂ ನೆನೆಯಲಿಲ್ಲ. ಅರಿಶಿನಕ್ಕಂತೂ ನೆನಪಿತ್ತು.

ಭಾನುವಾರ ಬೆಳಿಗ್ಗೆ, ಸೀಬೆಮರಕ್ಕೂ ಕಿಟಕಿಯ ಸರಳಿಗೂ ಕಟ್ಟಿದ ಹಗ್ಗದ ಮೇಲೆ ನೀಲಿಯಲ್ಲ, ಹಸಿರು ಸೀರೆಯೊಂದು ಆಡುತ್ತಿತ್ತು. ನೀಲಿಗೆ ಹಳದಿ ಸೇರಿ ನಮ್ಮ ಡಬ್ಬದಲ್ಲಿ ಎಂಥ ವರ್ಣಸಂಕರವಾಗಿತ್ತೆಂದರೆ, ಆ ಬಣ್ಣಕ್ಕೆ ಚಿಕ್ಕಪೇಟೆಯ ಯಾವ ಅಂಗಡಿಯಲ್ಲೂ ಹೆಸರಿರಲಿಲ್ಲ. ಸಾಲದೆಂಬಂತೆ, ಮಿಕ್ಕ ನೀರು ಸುಮ್ಮನೆ ಹಾಳಾಗಬಾರದೆಂದು ಹಿಂದಿನ ಸಂಜೆ ಅಪ್ಪ ತಮ್ಮ ಕ್ಯಾನ್ವಾಸ್ ಷೂ, ವಿಮಲಾ ತನ್ನ ಬಟ್ಟೆಯ ಕೈಚೀಲ ಮತ್ತು ರವಿಕೆ, ನಾನು ಒಂದು ಪೈಜಾಮ ಅದರಲ್ಲಿ ಮುಳುಗಿಸಿದ್ದೆವು. ಎಲ್ಲವೂ ಒಂದೇ ಬಣ್ಣದಲ್ಲಿ ಸಾಲಾಗಿ ತೂಗುತ್ತಿದ್ದವು. ವರ್ಣಾಶ್ರಮವೆಂಬುದಕ್ಕೆ ಅಷ್ಟು ನಿರಪಾಯವಾದ ಅರ್ಥ ನಮ್ಮ ಹಿತ್ತಿಲಲ್ಲಿ ಬಿಟ್ಟು ಬೇರೆಲ್ಲೂ ಸಿಗಲಾರದು. ಅಜ್ಜಿ ಸೀರೆಯ ಮೂಲೆಗೆ, ಹೊಸ ಬಟ್ಟೆಗೆ ಇಡುವಂತೆ, ಕುಂಕುಮದ ಬೊಟ್ಟಿಟ್ಟರು. ಹಳೆಯದಕ್ಕೆ ಯಾಕೆಂದು ನಾನು ಕೇಳಿದ್ದಕ್ಕೆ, “ನಿನಗೆ ಜನಿವಾರ ಹಾಕಿದಾಗ ಎರಡನೇ ಸಲ ಹುಟ್ಟಿದೆ ಅಂದ್ವಲ್ಲ, ಹೊಸಬ ಆಗಿದ್ಯೇನು?” ಎಂದರು. ಎರಡು ಸಲ ಹುಟ್ಟಿದವರು ಇನ್ನೂ ಇದ್ದಾರೆಂದು ಆ ಸೀರೆಯಿಂದ ತಿಳಿಯಿತು.

ಆ ದಿನದ ಸಂಜೆಯೇ ನನ್ನ ನೆನಪಿನಲ್ಲಿ ಎಲ್ಲಕ್ಕಿಂತ ಗಾಢವಾಗಿರುವುದು, ಆದ್ದರಿಂದಲೇ ಎಲ್ಲಕ್ಕಿಂತ ಸಂದೇಹಾಸ್ಪದವಾದದ್ದು. ಬೆಳಕು ಇಳಿಯುತ್ತ ಇಳಿಯುತ್ತ ಸೀರೆಯ ಒಡಲು ಹಿಂದಿನ ಕೆರೆಯೊಳಗೆ ಕರಗಿಹೋಯಿತು. ಸೀರೆ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತೆಂದು ಹೇಳುವಂತಿರಲಿಲ್ಲ. ಉಳಿದದ್ದು ಎರಡು ಅಂಚುಗಳು ಮಾತ್ರ, ಗಾಳಿಯಲ್ಲಿ ತೇಲುವ ಎರಡು ಕಾಲುದಾರಿಗಳ ಹಾಗೆ. ಅವುಗಳ ನಡುವೆ ಒಂದು ಹಕ್ಕಿ ಹಾದುಹೋಯಿತು. ಹಕ್ಕಿ ಹೋದದ್ದು ಸೀರೆಯ ಹಿಂದೆ, ಕೆರೆಯ ಮೇಲೆ. ಆದರೆ ನಾನು ಕಂಡದ್ದು ಅದು ಸೀರೆಯೊಳಗೇ ಹಾರಿದ್ದನ್ನು. ವಿಮಲಾ ಪಕ್ಕದಲ್ಲಿ ನಿಂತಿದ್ದಳು. “ಗುರುತು ಸಿಗಲ್ಲ ಅಲ್ವಾ ಅಣ್ಣ?” ಎಂದಳು. ಸೀರೆಯೇ ಕಾಣುತ್ತಿರಲಿಲ್ಲ.

ಸೋಮವಾರ ಅವಳು ಹೋದಳು. ಸಂಜೆ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಲು ಶುರುಮಾಡಿದಳು. ಸರೋಜಕ್ಕ ಉಪಾಧ್ಯಾಯಿನಿಯರ ಕೋಣೆಯ ಬಾಗಿಲಲ್ಲೇ ಇದ್ದಳಂತೆ. ತಲೆಯಿಂದ ಕಾಲಿನವರೆಗೆ ನೋಡಿ, “ಎಷ್ಟ್ ಚೆನ್ನಾಗಿದೆಯೇ ಸೀರೆ! ಎಲ್ಲಿ ತಗೊಂಡೆ?” ಎಂದಳಂತೆ. ಇವಳು “ಚಿಕ್ಕಪೇಟೆ” ಎಂದಳಂತೆ. ಬಣ್ಣ ಕೊಂಡದ್ದು ಅಲ್ಲಿಯೇ ಆದ್ದರಿಂದ ಅದು ಪೂರ್ತಿ ಸುಳ್ಳಲ್ಲ. ಮಧ್ಯಾಹ್ನ ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚುವಾಗ ಮಾತ್ರ ಸರೋಜಕ್ಕ ಮೂಗರಳಿಸಿ, “ನೆಲ್ಲಿಕಾಯಿ ತಂದಿದ್ದೀಯಾ? ನಂಗೂ ಒಂದು ಕೊಡೇ, ಅಜ್ಜಿ ಕೈದು!” ಎಂದಳಂತೆ. ಡಬ್ಬಿಯಲ್ಲಿ ಇದ್ದುದು ಬರೀ ಮೊಸರನ್ನ.

“ನೀನೇನಂದೆ?” ಎಂದೆ.

“ಹೆಚ್ಚಿದೆ ಅಂದೆ,” ಎಂದಳು. ಅಜ್ಜಿ ಕಂಬಕ್ಕೆ ಒರಗಿ ನಕ್ಕ ನಗು ಇನ್ನೂ ಆ ಕಂಬದಲ್ಲಿರಬೇಕು. ಆ ಬಾಡಿಗೆಮನೆಯಲ್ಲಂತೂ ಈಗ ಬೇರೆಯವರಿದ್ದಾರೆ.

ಮುಂದಿನ ಭಾನುವಾರ ಸರೋಜಕ್ಕ ನಮ್ಮ ಮನೆಗೆ ಬಂದಳು, ಕಂಕುಳಲ್ಲಿ ತನ್ನದೇ ಒಂದು ಹಳೆಯ ಸೀರೆ. “ವಿಮಲಾ, ನಿನ್ನ ಸೀರೆ ಬಣ್ಣ ನೋಡಿ ನಂಗೂ ಆಸೆಯಾಗಿದೆ ಕಣೇ. ಅಂಥದ್ದೇ ಬಣ್ಣ ಇದಕ್ಕೆ ಹಾಕಕ್ಕೆ ಬರತ್ತಾ ಮನೇಲಿ?” ಎಂದಳು. ಅಂಗಡಿಯಲ್ಲಿ ಕೊಂಡ ಸೀರೆಯ ಬಣ್ಣ ಮನೆಯಲ್ಲಿ ಹಾಕಲು ಬರುತ್ತದೆಯೇ ಎಂದು ಯಾರಾದರೂ ನಮ್ಮನ್ನು ಯಾಕೆ ಕೇಳಬೇಕು ಎಂಬ ಪ್ರಶ್ನೆ ಯಾರೂ ಎತ್ತಲಿಲ್ಲ. ಮತ್ತೆ ಇಟ್ಟಿಗೆ, ಮತ್ತೆ ಡಬ್ಬ. ಈ ಸಲ ಉಪ್ಪು ನಿಜವಾಗಿ ಇತ್ತು, ನೆಲ್ಲಿಕಾಯಿಯ ನೀರು ಹೆಚ್ಚಿತ್ತು. ಬಣ್ಣ ಪೊಟ್ಟಣದ ಮೇಲೆ ಬರೆದಂತೆಯೇ ನೀಲಿಯಾಗಿ ಬಂತು. “ಇದು ಅದಲ್ಲ,” ಎಂದು ಸರೋಜಕ್ಕ ಸ್ವಲ್ಪ ಹೊತ್ತು ಮುಖ ಸಣ್ಣ ಮಾಡಿಕೊಂಡಳು. ಆಮೇಲೆ ಇಬ್ಬರೂ ನೀಲಿ ಮೊಣಕೈಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು, ಶಾಲೆಯ ದೊಡ್ಡ ಉಪಾಧ್ಯಾಯಿನಿಯ ನಡಿಗೆಯನ್ನು ಅಣಕಿಸಿಕೊಂಡು, ಹಿತ್ತಿಲ ತುಂಬ ನಕ್ಕರು.

ನಾನು ಹೇಳಬೇಕೆಂದಿರುವುದು ಅದರ ನಂತರದ್ದು. ಹೊತ್ತು ಮುಳುಗುತ್ತಿತ್ತು. ವಿಮಲಾ ಕಾಫಿಗೆಂದು ಒಳಗೆ ಹೋಗಿದ್ದಳು. ಹಗ್ಗದ ಮೇಲೆ, ಒಗೆದು ಹಾಕಿದ್ದ ಆ ಹಸಿರು ಸೀರೆ ಒಣಗಿತ್ತು. ಸರೋಜಕ್ಕ ಕೆರೆಯ ಕಡೆ ನೋಡುತ್ತ, ಯಾವುದೋ ಯೋಚನೆಯಲ್ಲಿ, ಅದನ್ನು ಹಗ್ಗದಿಂದ ಎಳೆದು ಮಡಿಸತೊಡಗಿದಳು. ಮೊದಲ ಮಡಿಕೆ, ಎರಡನೆಯದು. ಮೂರನೆಯದಕ್ಕೆ ಬಂದಾಗ ಅವಳ ಕೈ ತಾನಾಗಿ ಸೆರಗಿನ ಒಂದು ಜಾಗಕ್ಕೆ ಹೋಯಿತು. ಅದನ್ನು ಮೆಲ್ಲಗೆ ಒಳಮುಖ ಮಾಡಿ, ಅಂಗೈಯಿಂದ ಒಮ್ಮೆ ಒತ್ತಿ, ಮುಂದುವರಿಯಿತು. ಇರುವೆಸಾಲಿನ ಹೊಲಿಗೆ ಮಡಿಕೆಯೊಳಗೆ ಮರೆಯಾಯಿತು. ಅವಳು ಸೀರೆಯ ಕಡೆ ನೋಡಿಯೇ ಇರಲಿಲ್ಲ. ವರ್ಷಗಟ್ಟಲೆ ಮಡಿಸಿದ ಕೈಗೆ, ಹರಕು ಹೊರಗೆ ಕಾಣದಂತೆ ಮಡಿಸುವುದು ಗೊತ್ತಿತ್ತು. ಬಣ್ಣ ಮೋಸಮಾಡುವುದು ಕಣ್ಣಿಗೆ. ಕೈಗೆ ಬಣ್ಣ ಕಾಣುವುದಿಲ್ಲ.

ಕಾಫಿ ಹಿಡಿದು ಬಂದ ವಿಮಲಾ ಮಡಿಸಿದ ಸೀರೆಯನ್ನು ನೋಡಿದಳು. ಸರೋಜಕ್ಕ ಅದನ್ನು ಅವಳ ಕೈಗಿಟ್ಟು, “ತಗೋ ನಿನ್ನ ಸೀರೆ. ಇಬ್ಬನಿಗೆ ಬಿಡಬೇಡ, ಬಣ್ಣ ಹೋಗತ್ತೆ” ಎಂದಳು. ‘ನಿನ್ನ’ ಎಂಬ ಮಾತಿನ ಮೇಲೆ ಸ್ವಲ್ಪ ಒತ್ತು ಬಿದ್ದಂತೆ ನನ್ನ ಕಿವಿಗೆ ಕೇಳಿತು. ವಿಮಲಾ ಹೆದರಿದ್ದುದು ಸರೋಜಕ್ಕ ಏನೂ ಅನ್ನದೆ ಇರುವುದಕ್ಕೆ. ಸರೋಜಕ್ಕ ಏನೋ ಅಂದಿದ್ದಳು, ಅಷ್ಟೆ. ಅಜ್ಜಿಯ ವ್ಯಾಕರಣದಲ್ಲಿ ಅಂದಿದ್ದಳು.

ಬಣ್ಣದ ತಕರಾರಿಗೆ ಬಂದರೆ, ಅದು ಬಹುಶಃ ನನ್ನ ಪಂಚೆಯ ಮೇಲೆ ಬಿದ್ದ ಹುಳಿಯ ಕಲೆಯಿಂದ ಪರಿಹಾರವಾಯಿತು. ಸೋಪು ಹಚ್ಚಿದರೆ ಆ ಕಲೆ ಕೆಂಪಗಾಗುತ್ತದೆ, ಜಾಲಾಡಿದರೆ ಮತ್ತೆ ಹಳದಿ. ಬಿಸಿಲಿಗೆ ಹಾಕಿದರೆ ತಾನಾಗಿ ಮಾಯ. ಅರಿಶಿನ ಬಿಸಿಲಿನಲ್ಲಿ ನಿಲ್ಲುವುದಿಲ್ಲ. ಹಾಗಾದರೆ ಆ ಸೀರೆಯೂ ಹುಟ್ಟುವಾಗ ಹಸಿರಿದ್ದು, ಒಂದೊಂದು ಒಗೆತಕ್ಕೂ ಒಂದೊಂದು ಬಿಸಿಲಿಗೂ ಹಳದಿಯನ್ನು ಬಿಟ್ಟುಕೊಟ್ಟು, ಕೊನೆಗೆ ನೀಲಿಯಾಗಿ ನಿಂತಿರಬೇಕು. ವಿಮಲಾ ಜ್ಞಾಪಕದಲ್ಲಿಟ್ಟುಕೊಂಡದ್ದು ಹೆದರಿ ಉಟ್ಟ ಮೊದಲ ದಿನಗಳನ್ನು. ಸರೋಜಕ್ಕ, ಒಟ್ಟಿಗೆ ಬಸ್ಸಿಗೆ ಕಾದ ಆಮೇಲಿನ ತಿಂಗಳುಗಳನ್ನು. ಇಬ್ಬರ ನೆನಪೂ ನಿಜ, ಬದಲಾದದ್ದು ಸೀರೆ. ಇದು ನನ್ನ ಸಿದ್ಧಾಂತ. ಬಹಳ ನೀಟಾಗಿ ಕೂರುತ್ತದೆ, ಆದ್ದರಿಂದಲೇ ನನಗೆ ಇದರ ಮೇಲೂ ಅನುಮಾನ. ಯಾವ ಭಾಷೆಯ ಅನುಮಾನವೆಂದು ಕೇಳಬೇಡಿ.

ಹಾಲು ಉಕ್ಕಿದ ದಿನವೇ ಸಂಜೆ ಸೈಕಲ್ ಹತ್ತಿ ಸರೋಜಕ್ಕನ ಮನೆಗೆ ಹೋದೆ. ಈ ಒಂದು ಮಾತು ಕೇಳದೆ ನಿದ್ದೆ ಬರುವಂತಿರಲಿಲ್ಲ. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು, ಕನ್ನಡಕ ಬಂದಿದೆ. ಅದೂ ಇದೂ ಮಾತಾಡಿ, “ಸರೋಜಕ್ಕ, ವಿಮಲಾ ಕೆಲಸಕ್ಕೆ ಸೇರಿದ ದಿನ ಉಟ್ಟಿದ್ದ ಸೀರೆ ನಿನ್ನದೇ ಅಂತ ನಿಂಗೆ ಗೊತ್ತಾಗಿತ್ತಾ?” ಎಂದೆ.

ಅವಳು ಕೆಂಪು ಪೆನ್ಸಿಲ್ ಎತ್ತಿಕೊಂಡೇ ನನ್ನನ್ನು ನೋಡಿದಳು.

“ಯಾವ್ದೋ? ಆ ನೀಲಿ ಸೀರೇನಾ?” ಎಂದಳು. “ಅದು ವಿಮಲಾದು ಕಣೋ. ಚಿಕ್ಕಪೇಟೇಲಿ ತಗೊಂಡಿದ್ದು.” ಮತ್ತೆ ಪತ್ರಿಕೆಗೆ ಬಗ್ಗಿದಳು.

ಅವಳಿಗೆ ಮರೆತೇಹೋಗಿತ್ತೋ, ಇಷ್ಟು ವರ್ಷವೂ ಆ ಹರಕನ್ನು ಒಳಮುಖವಾಗಿಯೇ ಮಡಿಸಿಟ್ಟಿದ್ದಳೋ, ಅಥವಾ ಹಗ್ಗದ ಬಳಿ ನಾನು ಕಂಡದ್ದೇ ಸುಳ್ಳೋ. ಕೇಳಬಹುದಿತ್ತು. ಕೆರೆಯ ಪಕ್ಕ ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ನೀರು ಆಗ ಯಾವ ಬಣ್ಣದಲ್ಲಿತ್ತೆಂದು ಬರೆಯಲು ಹೊರಟು ಎರಡು ಸಲ ಹೊಡೆದುಹಾಕಿದ್ದೇನೆ.

ಈ ಪ್ರಬಂಧ ಮುಗಿಯುವ ಮೊದಲೇ ಮಸಿಬಟ್ಟೆಯ ಕಾಲ ಮುಗಿಯಿತು. ಇವತ್ತು ಬೆಳಿಗ್ಗೆ ಹಾಲಿನ ಪಾತ್ರೆ ಇಳಿಸುವಾಗ ಅದು ನಡುವೆ ಪಿಸಿದು ನನ್ನ ಹೆಂಡತಿಯ ಬೆರಳು ಚುರುಗುಟ್ಟಿತು. ನಾನು ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಒಂದು ಮೂಲೆಯಲ್ಲಿ ಕೆಂಪಗೆ ಏನೋ ಇತ್ತು. ಕುಂಕುಮವೋ ಕಾಫಿಯ ಕಲೆಯೋ, ಪ್ರಮಾಣವಿಲ್ಲ. ಈಗಿಲ್ಲದ ಅಜ್ಜಿಯ ನೆನಪಾಯಿತು. ಇಲ್ಲದವರನ್ನು ಇಲ್ಲವೆನ್ನದೆ ಹೇಳುವ ಮಾತೊಂದು ಅವರಿಗೆ ಗೊತ್ತಿದ್ದಿರಬೇಕು. ಮುಗಿಯುತ್ತ ಬಂದ ಹಾಗೆ ಹೆಚ್ಚುವ ವಸ್ತು ಜಗತ್ತಿನಲ್ಲಿ ಒಂದಿದೆಯೆಂದು ಅವರ ವ್ಯಾಕರಣ ಬಲ್ಲದು.

“ಹರಿದುಹೋಯ್ತು ಅಲ್ವೇನ್ರೀ?” ಎಂದಳು ನನ್ನ ಹೆಂಡತಿ.

“ಹಾಗನ್ನಬೇಡ,” ಎಂದೆ. “ಬಟ್ಟೆ ಹೆಚ್ಚಿದೆ ಅನ್ನು.”

ಅವಳು ಬೊಂಬಾಯಿಯಲ್ಲಿ ಬೆಳೆದವಳು. “ಹೆಚ್ಚಿದ್ರೆ ನಿಮ್ಮ ಸೈಕಲ್ ಒರೆಸಕ್ಕೆ ಇಟ್ಕೊಳ್ಳಿ” ಎಂದು ಹೊಸದೊಂದು ತುಂಡು ಹುಡುಕಲು ಒಳಗೆ ಹೋದಳು.

ಹೀಗಾಗಿ ನಮ್ಮ ಮನೆಯಲ್ಲಿ ಈಗ ಸೈಕಲ್ ಒರೆಸಲು ಒಂದು ಬಟ್ಟೆಯಿದೆ. ಇಂಥದೊಂದು ಬಟ್ಟೆ ಯಾರ ಮನೆಯಲ್ಲಿಲ್ಲ? ಬಣ್ಣ ಕೇಳಿದವರಿಗೆ, ಅದು ಚಿಕ್ಕಪೇಟೆಯಲ್ಲಿ ತಗೊಂಡದ್ದು ಎಂದು ಹೇಳುವುದೆಂದು ನಿಶ್ಚಯಿಸಿದ್ದೇನೆ.